ಕರಾವಳಿಯಲ್ಲಿ ಫೋರ್‌ವೀಲ್ ಜೀಪು: ಮೊದಲು ಗಾಡಿಯ ಅಡಿ ನೋಡಿ

ಹೊಸ ಜೀಪು ಅಂಗಳಕ್ಕೆ ಬಂದ ವಾರದೊಳಗೆ ಲೈಟುಬಾರು, ದೊಡ್ಡ ಟಯರು, ಕಬ್ಬಿಣದ ಬಂಪರು ಎಂದು ಹುಡುಕಾಟ ಶುರುವಾಗುತ್ತದೆ. ಮಂಗಳೂರು, ಉಡುಪಿ ಕಡೆ ಗಾಡಿ ಇಟ್ಟುಕೊಳ್ಳುವವರು ಆ ದುಡ್ಡಿನ ಮೊದಲ ಪಾಲನ್ನು ಗಾಡಿಯ ಅಡಿಭಾಗಕ್ಕೆ ಹಾಕಬೇಕು, ಎರಡನೆಯದನ್ನು ಟಯರಿಗೆ. ಉಳಿದದ್ದಕ್ಕೆ ಆಮೇಲೆ ಯೋಚಿಸಿದರೆ ಸಾಕು. ಇಲ್ಲಿ ಸಮುದ್ರದ ಉಪ್ಪುಗಾಳಿ ವರ್ಷವಿಡೀ ಇದೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಡದ ಮಳೆ ಇದೆ, ಮಳೆ ನಿಂತ ಮೇಲೂ ಚಾಸಿಸ್ ಸಂದಿಯಲ್ಲಿ ಒದ್ದೆಯಾಗಿಯೇ ಉಳಿಯುವ ಕೆಂಪುಮಣ್ಣು ಇದೆ. ಈ ಮೂರೂ ಸೇರಿ ಮಾಡುವ ಹಾಳು ಯಾವ ಘಾಟಿಯ ಕಲ್ಲುದಾರಿಯೂ ಮಾಡದು.

ಕೊಳ್ಳುವ ಮುಂಚೆ

ಮಹೀಂದ್ರದ ಥಾರ್ ಎಂದ ಮಾತ್ರಕ್ಕೆ ಅದು ಫೋರ್‌ವೀಲ್, ಅಂದರೆ ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಗಾಡಿ, ಅಲ್ಲ. 2023ರ ಜನವರಿಯಿಂದ ಹಿಂದಿನ ಚಕ್ರಕ್ಕೆ ಮಾತ್ರ ಶಕ್ತಿ ಹೋಗುವ ಥಾರ್ ಕೂಡ ಮಾರಾಟದಲ್ಲಿದೆ. ಹೊರಗಿಂದ ನೋಡಿದರೆ ವ್ಯತ್ಯಾಸ ತಿಳಿಯುವುದು ಕಷ್ಟ. ಸೆಕೆಂಡ್‌ಹ್ಯಾಂಡ್ ನೋಡಲು ಹೋದರೆ ಗೇರಿನ ಪಕ್ಕದಲ್ಲಿ 4ಎಲ್ (ನಾಲ್ಕೂ ಚಕ್ರಕ್ಕೆ ನಿಧಾನದ, ಹೆಚ್ಚು ಎಳೆತದ ಗೇರು) ಇರುವ ಎರಡನೇ ಲಿವರ್ ಇದೆಯೇ ಎಂದು ನೋಡಿ. ಮಾರುತಿಯ ಜಿಮ್ನಿ ಹಗುರ, ಮುಂದೆ ಹಿಂದೆ ಎರಡೂ ಕಡೆ ಗಟ್ಟಿ ಆಕ್ಸಲ್ (ಎಡಬಲ ಚಕ್ರ ಕೂಡಿಸುವ ಒಂದೇ ಅಚ್ಚು), ತೋಟದ ಇಕ್ಕಟ್ಟಿನ ದಾರಿಗೆ ಹೇಳಿಮಾಡಿಸಿದ್ದು. ಫೋರ್ಸ್ ಕಂಪನಿಯ ಗೂರ್ಖಾದಲ್ಲಿ ಮುಂದಿನ ಮತ್ತು ಹಿಂದಿನ ಡಿಫರೆನ್ಷಿಯಲ್ (ಎಡಬಲ ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ, ಆಕ್ಸಲ್ ನಡುವಿನ ಗೇರು ಗುಂಡು) ಎರಡಕ್ಕೂ ಲಾಕ್ ಕಂಪನಿಯಿಂದಲೇ ಬರುತ್ತದೆ, ಸ್ನಾರ್ಕೆಲ್ (ಇಂಜಿನ್ನಿಗೆ ಎತ್ತರದಿಂದ ಗಾಳಿ ಸೇದುವ ಕೊಳವೆ) ಕೂಡ. ಹಳೆಯ ಜಿಪ್ಸಿ, ಮೇಜರ್‌ಗಳು ಇನ್ನೂ ಸುಳ್ಯ, ಬೆಳ್ತಂಗಡಿ ಕಡೆಯ ತೋಟಗಳಲ್ಲಿ ದುಡಿಯುತ್ತಿವೆ. ಅವುಗಳ ಬಿಡಿಭಾಗ ಅಗ್ಗ, ಕೆಲಸ ಬಲ್ಲ ಮೆಕ್ಯಾನಿಕ್‌ಗಳೂ ಇದ್ದಾರೆ.

ಹಳೆಯ ಗಾಡಿ ನೋಡುವಾಗ ಪೈಂಟಿನ ಹೊಳಪಿಗೆ ಮರುಳಾಗಬೇಡಿ. ಒಂದು ಸಣ್ಣ ಸುತ್ತಿಗೆ ಮತ್ತು ಟಾರ್ಚು ಹಿಡಿದು ಕೆಳಗೆ ಮಲಗಿ. ಚಾಸಿಸ್ ಉದ್ದಕ್ಕೂ ಮೆಲ್ಲಗೆ ತಟ್ಟುತ್ತಾ ಹೋಗಿ. ಗಟ್ಟಿ ಕಬ್ಬಿಣ ಠಣ್ ಎನ್ನುತ್ತದೆ. ಒಳಗಿಂದ ತಿಂದುಹೋದ ಜಾಗ ಮಂದವಾಗಿ ಸದ್ದು ಮಾಡುತ್ತದೆ, ಪದರ ಉದುರುತ್ತದೆ. ಹಿಂದಿನ ಚಕ್ರದ ಕಮಾನಿನ ಮೇಲ್ಭಾಗ, ಬಾಡಿ ಚಾಸಿಸ್‌ಗೆ ಕೂರುವ ರಬ್ಬರ್ ಮೌಂಟುಗಳ ಸುತ್ತ, ಸ್ಪ್ರಿಂಗಿನ ತುದಿಯನ್ನು ಚಾಸಿಸ್‌ಗೆ ಕೂಡಿಸುವ ಶ್ಯಾಕಲ್ ಬುಡ, ಬಾಗಿಲ ಕೀಲಿನ ಕೆಳಗೆ, ಬ್ರೇಕ್ ಪೈಪು ಕ್ಲಿಪ್‌ಗೆ ಸಿಕ್ಕಿರುವ ಜಾಗ, ಇಷ್ಟನ್ನು ತಪ್ಪದೆ ನೋಡಿ. ಅಡಿಗೆ ಮೊನ್ನೆಯಷ್ಟೇ ದಪ್ಪ ಕಪ್ಪು ರಬ್ಬರ್ ಕೋಟಿಂಗ್ ಬಳಿದಿದ್ದರೆ ಅನುಮಾನ ಇಟ್ಟುಕೊಳ್ಳಿ. ಇಂಜಿನ್ ಬದಲಾದ ಹಳೆ ಜೀಪಾದರೆ ಆ ಇಂಜಿನ್ ನಂಬರು ಆರ್‌ಸಿಯಲ್ಲಿ ದಾಖಲಾಗಿರಬೇಕು. ಚಾಸಿಸ್ ನಂಬರು ಓದಲಾಗದಷ್ಟು ತುಕ್ಕು ಹಿಡಿದಿದ್ದರೆ ಮುಂದೆ ಎಫ್‌ಸಿ (ಯೋಗ್ಯತಾ ಪತ್ರ) ನವೀಕರಣದಲ್ಲಿ ತೊಂದರೆ ಖಂಡಿತ, ಅಂಥ ಗಾಡಿ ಬೇಡ.

ತುಕ್ಕು

ವರ್ಷಕ್ಕೆ ಎರಡು ಸಲ ಅಡಿಯ ಕೆಲಸ ಮಾಡಿ. ಮೊದಲನೆಯದು ಪತ್ತನಾಜೆಗೆ ಮುಂಚೆ, ಅಂದರೆ ಮೇ ಮೂರನೇ ವಾರದೊಳಗೆ, ನೆಲ ಕಾದು ಒಣಗಿರುವಾಗ. ಎರಡನೆಯದು ದೀಪಾವಳಿಯ ಹೊತ್ತಿಗೆ, ಮಳೆಗಾಲದ ಕೆಸರನ್ನೆಲ್ಲ ಬಿಡಿಸಲು. ಮಳೆ ನಡುವೆ ಕೋಟಿಂಗ್ ಹಾಕಿದರೆ ತೇವವನ್ನು ಒಳಗೇ ಮುಚ್ಚಿಟ್ಟಂತೆ. ಅದು ಹಾಕದೇ ಇರುವುದಕ್ಕಿಂತ ಕೆಟ್ಟದ್ದು.

ಮೊದಲು ತೊಳೆಯುವುದು. ಪ್ರೆಷರ್ ವಾಷರ್ ಇದ್ದರೆ ನಳಿಕೆಯನ್ನು 30 ಸೆಂ.ಮೀ. ದೂರ ಹಿಡಿಯಿರಿ, ಆಲ್ಟರ್ನೇಟರ್, ವೈರ್ ಕನೆಕ್ಟರ್, ರೇಡಿಯೇಟರ್ ಜಾಲರಿಗೆ ನೇರ ಹೊಡೆಯಬೇಡಿ. ಆಕ್ಸಲ್ ಸೀಲ್ ಮತ್ತು ಆಕ್ಸಲಿಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸಿಗೂ (ತುದಿಯ ಕೀಲು) ಬೇಡ. ಒತ್ತಡಕ್ಕೆ ನೀರು ಸೀಲು ದಾಟಿ ಒಳಗೆ ಹೋಗುತ್ತದೆ. ಅದಕ್ಕಿಂತ ಸುಲಭ ಉಪಾಯ ನಮ್ಮ ತೋಟಗಳಲ್ಲೇ ಇದೆ. ಅಡಿಕೆಗೆ ನೀರು ಬಿಡುವ ಸ್ಪ್ರಿಂಕ್ಲರ್ ಜೆಟ್ಟೊಂದನ್ನು ಪೈಪಿಗೆ ಸಿಕ್ಕಿಸಿ ಗಾಡಿಯ ಅಡಿಗೆ ತಳ್ಳಿ, 15 ನಿಮಿಷ ತಿರುಗಲು ಬಿಡಿ, ಆಮೇಲೆ ಒಂದು ಗಜ ಹಿಂದೆ ಎಳೆದು ಮತ್ತೆ 15 ನಿಮಿಷ. ಕೈಗೆ ಸಿಗದ ಸಂದಿಯ ಮಣ್ಣೆಲ್ಲ ನೆನೆದು ಉದುರುತ್ತದೆ. ನೀರು ಮಾತ್ರ ಸಿಹಿಯಾಗಿರಬೇಕು. ಕಡಲತೀರದ ಹಲವು ಬಾವಿಗಳಲ್ಲಿ ಏಪ್ರಿಲ್, ಮೇ ಹೊತ್ತಿಗೆ ಉಪ್ಪುನೀರು ಬರುತ್ತದೆ, ಅದರಲ್ಲಿ ತೊಳೆದರೆ ತೊಳೆದ ಫಲವಿಲ್ಲ.

ಚಾಸಿಸ್ ಕೆಳಗೆ ನೀರಿಳಿಯುವ ತೂತುಗಳಿವೆ, ಬಾಗಿಲ ಕೆಳ ಅಂಚಿನಲ್ಲೂ ಇವೆ. ಒಂದು ತಂತಿ ಹಿಡಿದು ಪ್ರತಿಯೊಂದನ್ನೂ ಬಿಡಿಸಿ. ಈ ತೂತು ಮುಚ್ಚಿದ ಚಾಸಿಸ್ ಮಳೆಗಾಲ ಪೂರ್ತಿ ಕೆಸರುನೀರು ತುಂಬಿದ ಕೊಳವೆಯಾಗಿರುತ್ತದೆ, ಹೊರಗಿನ ಪೈಂಟು ಚೆನ್ನಾಗಿಯೇ ಕಾಣುತ್ತಿರುತ್ತದೆ.

ಪೂರ್ತಿ ಎರಡು ದಿನ ಬಿಸಿಲಲ್ಲಿ ಒಣಗಿದ ಮೇಲೆ ತುಕ್ಕಿನ ಜಾಗಗಳಿಗೆ ಕೈಹಾಕಿ. ತಂತಿ ಬ್ರಷ್‌ನಿಂದ ಸಡಿಲ ಪದರ ತೆಗೆದು 80 ನಂಬರಿನ ಉಪ್ಪುಕಾಗದದಿಂದ ಉಜ್ಜಿ, ಬೆಳ್ಳಗಿನ ಕಬ್ಬಿಣ ಕಾಣುವವರೆಗೆ. ಗುಳಿಯೊಳಗೆ ಉಳಿದ ಕಂದು ತುಕ್ಕಿಗೆ ರಸ್ಟ್ ಕನ್ವರ್ಟರ್ ಹಚ್ಚಿ, ಅದು ಕಪ್ಪಾಗುತ್ತದೆ. ಒಂದು ದಿನ ಬಿಟ್ಟು ಎಪಾಕ್ಸಿ ಅಥವಾ ಜಿಂಕ್ ಪ್ರೈಮರ್ ತೆಳ್ಳಗೆ ಎರಡು ಕೋಟು, ಅದರ ಮೇಲೆ ಚಾಸಿಸ್ ಬ್ಲ್ಯಾಕ್ ಎರಡು ಕೋಟು. ಬ್ರೇಕ್ ಡಿಸ್ಕು, ಡ್ರಮ್ಮು, ರಬ್ಬರ್ ಬ್ರೇಕ್ ಹೋಸು, ಹ್ಯಾಂಡ್‌ಬ್ರೇಕ್ ಕೇಬಲ್ಲು, ಸೈಲೆನ್ಸರ್, ಬ್ರೀದರ್ (ಆಕ್ಸಲ್, ಗೇರ್‌ಬಾಕ್ಸಿನೊಳಗೆ ಗಾಳಿ ಆಡುವ ಕಿಂಡಿ) ಮುಚ್ಚಳ, ಪ್ರೊಪೆಲ್ಲರ್ ಶಾಫ್ಟ್ ಇವುಗಳ ಮೇಲೆ ಬಣ್ಣ ಬೀಳಬಾರದು. ಶಾಫ್ಟಿನ ಮೇಲೆ ಒಂದೇ ಕಡೆ ದಪ್ಪ ಬಣ್ಣ ಕೂತರೂ ತೂಕದ ಸಮತೋಲ ತಪ್ಪಿ ವೇಗದಲ್ಲಿ ನಡುಕ ಶುರುವಾಗುತ್ತದೆ.

ಚಾಸಿಸ್ ಒಳಭಾಗಕ್ಕೆ ಕ್ಯಾವಿಟಿ ವ್ಯಾಕ್ಸ್, ಅಂದರೆ ಟೊಳ್ಳಿನೊಳಗೆ ಚಿಮ್ಮುವ ಮೇಣ, ಬೇಕು. ಸುತ್ತಲೂ ಚಿಮ್ಮುವ ತುದಿಯ ಉದ್ದ ನಳಿಕೆಯನ್ನು ಚಾಸಿಸ್ ತೂತಿನೊಳಗೆ ಆಚೆ ತುದಿಯವರೆಗೆ ತೂರಿಸಿ, ಚಿಮ್ಮುತ್ತಾ ಹಿಂದಕ್ಕೆ ಎಳೆಯಿರಿ. ಒಂದು ಜೀಪಿಗೆ 2 ಲೀಟರಿನಷ್ಟು ಇಟ್ಟುಕೊಳ್ಳಿ. ಕೆಳತೂತಿನಿಂದ ತೊಟ್ಟಿಕ್ಕಿದರೆ ಒಳಗೆ ತಲುಪಿದೆ ಎಂದು ಅರ್ಥ. ಹೊರಗೆ ಬಳಿಯುವ ರಬ್ಬರ್ ಕೋಟಿಂಗ್‌ಗಿಂತ ಇದಕ್ಕೇ ಹೆಚ್ಚು ಬೆಲೆ ಕೊಡಬೇಕು. ರಬ್ಬರ್ ಕೋಟಿಂಗ್ ಕಲ್ಲೇಟಿಗೆ ಒಂದೆಡೆ ಬಿರಿದರೂ ಸಾಕು, ನೀರು ಅದರಡಿ ಹರಿದು ಅಲ್ಲೇ ನಿಲ್ಲುತ್ತದೆ, ಮೇಲಿಂದ ಏನೂ ಗೊತ್ತಾಗುವುದಿಲ್ಲ. ವ್ಯಾಕ್ಸ್ ಮೆತ್ತಗಿದ್ದು ತನ್ನಷ್ಟಕ್ಕೆ ಹರಡಿ ಸಣ್ಣ ಗೀರನ್ನು ಮುಚ್ಚಿಕೊಳ್ಳುತ್ತದೆ.

ಸುಟ್ಟ ಇಂಜಿನ್ ಆಯಿಲನ್ನು ಚಾಸಿಸ್‌ಗೆ ಬಳಿಯುವ ಹಳೆಯ ರೂಢಿ ಈಗಲೂ ಇದೆ. ದಯವಿಟ್ಟು ಬಿಡಿ. ಅದು ಸಸ್ಪೆನ್ಷನ್ನಿನ ರಬ್ಬರ್ ಬುಶ್‌ಗಳನ್ನು ಉಬ್ಬಿಸಿ ಹಾಳುಮಾಡುತ್ತದೆ. ಮೊದಲ ಮಳೆಗೆ ತೊಳೆದು ಅಂಗಳದ ಮುರಕಲ್ಲಿನ (ಜಂಬಿಟ್ಟಿಗೆ) ಮೂಲಕ ಇಳಿದರೆ ಹತ್ತು ಮಾರು ಆಚೆ ಇರುವುದು ನಿಮ್ಮದೋ ನೆರೆಮನೆಯವರದೋ ಕುಡಿಯುವ ನೀರಿನ ಬಾವಿ.

ಕಡಲಿಗಿಳಿಯದ ಗಾಡಿಗೂ ಉಪ್ಪು ತಾಗುತ್ತದೆ. ಮಲ್ಪೆ, ಮಂಗಳೂರಿನ ಬಂದರುಗಳಿಂದ ಹೊರಟ ಮೀನಿನ ಲಾರಿಗಳು ಹೆದ್ದಾರಿ 66ರ ಮೇಲೆ ನೀರು ಸುರಿಸುತ್ತಾ ಹೋಗುತ್ತವೆ. ಅದರ ಹಿಂದೆ ಹತ್ತಿರ ಹೋಗಬೇಡಿ, ರಸ್ತೆ ಜಾರುತ್ತದೆ, ಆ ಉಪ್ಪುನೀರು ನಿಮ್ಮ ರೇಡಿಯೇಟರಿಗೂ ಅಡಿಗೂ ಹಾರುತ್ತದೆ. ತೀರದಿಂದ ಒಂದೆರಡು ಕಿ.ಮೀ. ಒಳಗೆ ಮನೆಯಿದ್ದರೆ ವಾರಕ್ಕೊಮ್ಮೆ ಸಿಹಿನೀರಿನಲ್ಲಿ ಅಡಿ ತೊಳೆಯುವುದು ಹೆಚ್ಚಲ್ಲ.

ಬ್ರೀದರ್ ಮತ್ತು ಆಯಿಲ್

ಓಡಿದ ಗಾಡಿಯ ಡಿಫರೆನ್ಷಿಯಲ್ ಬಿಸಿಯಾಗಿರುತ್ತದೆ, ಒಳಗಿನ ಗಾಳಿ ಹಿಗ್ಗಿರುತ್ತದೆ. ಅದು ತಟ್ಟನೆ ತಣ್ಣಗಿನ ತೋಡಿನ (ಸಣ್ಣ ಹಳ್ಳ) ನೀರಿಗೆ ಇಳಿದರೆ ಗಾಳಿ ಕುಗ್ಗಿ ಹೊರಗಿಂದ ಎಳೆದುಕೊಳ್ಳುತ್ತದೆ. ಬ್ರೀದರ್ ನೀರಲ್ಲಿ ಮುಳುಗಿದ್ದರೆ ಗಾಳಿಯ ಬದಲು ನೀರು ಹೋಗುತ್ತದೆ; ಬ್ರೀದರ್ ಕೆಸರಿನಿಂದ ಕಟ್ಟಿಕೊಂಡಿದ್ದರೆ ಆಕ್ಸಲ್ ಸೀಲಿನ ಮೂಲಕ. ಆಮೇಲೆ ಬೇರಿಂಗ್ ಊಳಿಡಲು ಶುರುವಾದಾಗ ಕಾರಣ ಯಾರಿಗೂ ನೆನಪಿರುವುದಿಲ್ಲ.

ಪರಿಹಾರ ಸಾವಿರ ರೂಪಾಯಿಯೊಳಗಿನದು. ಮುಂದಿನ, ಹಿಂದಿನ ಡಿಫರೆನ್ಷಿಯಲ್, ಗೇರ್‌ಬಾಕ್ಸ್ ಮತ್ತು ಮುಂದೆ ಹಿಂದೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸ್‌ಗಳ ಬ್ರೀದರ್ ಎಲ್ಲಿದೆ, ಈಗಾಗಲೇ ಟ್ಯೂಬಿದ್ದರೆ ಅದರ ತುದಿ ಎಷ್ಟು ಎತ್ತರದಲ್ಲಿದೆ ಎಂದು ನೋಡಿ. ಕೆಳಗಿದ್ದರೆ ಮುಚ್ಚಳ ಬಿಚ್ಚಿ, ಅದರ ಅಳತೆಗೆ ಸರಿಯಾದ ನಿಪ್ಪಲ್ ಹಾಕಿ, ಡೀಸೆಲ್ ತಡೆಯುವ ರಬ್ಬರ್ ಟ್ಯೂಬು ಸಿಕ್ಕಿಸಿ ಕ್ಲಿಪ್ ಬಿಗಿಯಿರಿ. ಮುಂದಿನದ್ದನ್ನು ಬಾನೆಟ್ಟಿನೊಳಗೆ ಬ್ಯಾಟರಿಯ ಎತ್ತರಕ್ಕೂ ಮೇಲೆ, ಹಿಂದಿನದ್ದನ್ನು ಡೀಸೆಲ್ ತುಂಬುವ ಬಾಯಿಯ ಎತ್ತರಕ್ಕೆ ಒಯ್ದು ತುದಿಗೆ ಸಣ್ಣ ಫಿಲ್ಟರ್ ಹಾಕಿ. ಸೈಲೆನ್ಸರಿನಿಂದ ಒಂದು ಗೇಣಾದರೂ ದೂರವಿರಲಿ. ಆಕ್ಸಲ್ ಪೂರ್ತಿ ಕೆಳಗೆ ಇಳಿದಾಗಲೂ ಟ್ಯೂಬು ಎಳೆಯದಷ್ಟು ಸಡಿಲ ಬಿಡಬೇಕು. ಗಾಡಿಯನ್ನು ಜಾಕ್ ಹಾಕಿ ಎತ್ತಿ ಚಕ್ರ ತೂಗುವಂತೆ ಮಾಡಿ ಅಳೆದರೆ ತಪ್ಪುವುದಿಲ್ಲ.

ನೀರು ದಾಟಿ ಬಂದ ಮೇಲೆ ಆಯಿಲ್ ಪರೀಕ್ಷೆ ಹೀಗೆ: ಗಾಡಿಯನ್ನು ರಾತ್ರಿ ಸಮತಟ್ಟಿನಲ್ಲಿ ನಿಲ್ಲಿಸಿ. ನೀರು ಆಯಿಲಿಗಿಂತ ಭಾರ, ತಳಕ್ಕೆ ಇಳಿಯುತ್ತದೆ. ಬೆಳಗ್ಗೆ ಮೊದಲು ಮೇಲಿನ ಫಿಲ್ಲರ್ ಪ್ಲಗ್ ಬಿಚ್ಚಿ. ಈ ಕ್ರಮ ತಪ್ಪಬಾರದು; ಕೆಳಗಿನದ್ದನ್ನು ಬಿಚ್ಚಿ ಆಯಿಲ್ ಹರಿಸಿದ ಮೇಲೆ ತುಕ್ಕು ಹಿಡಿದ ಮೇಲಿನ ಪ್ಲಗ್ ಬಿಚ್ಚಲಾಗದಿದ್ದರೆ ಗಾಡಿ ಅಲ್ಲೇ ಉಳಿಯಿತು. ಆಮೇಲೆ ಕೆಳಗಿನ ಡ್ರೈನ್ ಪ್ಲಗ್ಗನ್ನು ತೊಟ್ಟಿಕ್ಕುವಷ್ಟೇ ಸಡಿಲಿಸಿ. ಮೊದಲು ನೀರಿನ ಹನಿ ಬಂದರೆ, ಅಥವಾ ಆಯಿಲ್ ಹಾಲು ಬೆರೆತ ಚಹಾದ ಬಣ್ಣಕ್ಕಿದ್ದರೆ, ಪೂರ್ತಿ ಬದಲಿಸಿ. ನೀರು ಹೆಚ್ಚೇ ಹೋಗಿದ್ದರೆ ಹೊಸ ಆಯಿಲ್ ಹಾಕಿ ಐವತ್ತು ಕಿ.ಮೀ. ಓಡಿಸಿ ಇನ್ನೊಮ್ಮೆ ಬದಲಿಸಬೇಕು. ಡಿಫರೆನ್ಷಿಯಲ್‌ಗೆ ಸಾಮಾನ್ಯವಾಗಿ ಜಿಎಲ್-5 ದರ್ಜೆಯದು. ಅದೇ ಡಬ್ಬದ ಉಳಿಕೆಯನ್ನು ಗೇರ್‌ಬಾಕ್ಸಿಗೆ ಸುರಿಯಬೇಡಿ, ಹಲವು ಗೇರ್‌ಬಾಕ್ಸ್‌ಗಳ ಹಿತ್ತಾಳೆ ಸಿಂಕ್ರೊನೈಸರಿಗೆ ಜಿಎಲ್-4 ಬೇಕು. ಗಾಡಿಯ ಕೈಪಿಡಿಯಲ್ಲಿ ಬರೆದದ್ದನ್ನೇ ಹಾಕಿ.

ಗ್ರೀಸ್ ನಿಪ್ಪಲ್ ಇರುವ ಗಾಡಿಯಾದರೆ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ ಮತ್ತು ಸ್ಲಿಪ್ ಜಾಯಿಂಟಿಗೆ 5,000 ಕಿ.ಮೀ.ಗೊಮ್ಮೆ, ಮುಳುಗುವಷ್ಟು ನೀರು ದಾಟಿದ ಪ್ರತಿ ಸಲ, ಹಳೆ ಗ್ರೀಸ್ ಹೊರಬಂದು ಹೊಸದು ಕಾಣುವವರೆಗೆ ಹೊಡೆಯಿರಿ. ಥಾರ್, ಜಿಮ್ನಿ ಎರಡರಲ್ಲೂ ಹಿಂದಿನ ಚಕ್ರಕ್ಕೆ ಡ್ರಮ್ ಬ್ರೇಕು. ಕೆಂಪುಕೆಸರು ಒಳಗೆ ಸೇರಿ ಒಣಗಿದರೆ ಬ್ರೇಕ್ ಶೂವನ್ನು ಉಪ್ಪುಕಾಗದದಂತೆ ತಿನ್ನುತ್ತದೆ. ದೀಪಾವಳಿಯ ಕೆಲಸದಲ್ಲಿ ಡ್ರಮ್ ಬಿಚ್ಚಿ ತೊಳೆಯುವುದನ್ನೂ ಸೇರಿಸಿ.

ಟಯರು, ಗಾಳಿ

ಇಲ್ಲಿಯ ಬಹುಪಾಲು ಜನರಿಗೆ ಎಟಿ, ಅಂದರೆ ಡಾಮರಿಗೂ ಕಚ್ಚಾದಾರಿಗೂ ಆಗುವ ಟಯರು ಸಾಕು. ಎಂಟಿ, ಅಂದರೆ ದಪ್ಪ ಗಡ್ಡೆಗಳ ಕೆಸರು ಟಯರು, ಮೆತ್ತಗಿನ ಮಣ್ಣಿನಲ್ಲಿ ಚೆನ್ನಾಗಿ ಕಚ್ಚುತ್ತದೆ, ಆದರೆ ಮಳೆ ಬಿದ್ದ ಡಾಮರಿನಲ್ಲೂ ಕಾಂಕ್ರೀಟಿನಲ್ಲೂ ಜಾರುತ್ತದೆ, ಬ್ರೇಕ್ ಹಾಕಿದರೆ ನಿಲ್ಲಲು ಹೆಚ್ಚು ದೂರ ಬೇಕು. ಕಾಂಕ್ರೀಟು ಹಾಸಿದ ಶಿರಾಡಿ ಘಾಟಿಯಲ್ಲಿ ಜುಲೈ ತಿಂಗಳಲ್ಲಿ ಇಳಿಯುವವರಿಗೆ ಅದು ದೊಡ್ಡ ವ್ಯತ್ಯಾಸ. ದಿನವೂ ತೋಟದ ಕೆಸರಲ್ಲೇ ದುಡಿಯುವ ಗಾಡಿಗೆ ಮಾತ್ರ ಎಂಟಿ ಸರಿ. ಗಡ್ಡೆಯ ಆಳಕ್ಕೆ ಕಾನೂನಿನ ಮಿತಿ 1.6 ಮಿ.ಮೀ. ಇದ್ದರೂ ಮಳೆಗಾಲಕ್ಕೆ 3 ಮಿ.ಮೀ.ಗಿಂತ ಕಡಿಮೆ ಇರುವ ಟಯರಿನಲ್ಲಿ ಕಾಲಿಡಬೇಡಿ.

ದೊಡ್ಡ ಟಯರು ಹಾಕುವ ಮುಂಚೆ ಲೆಕ್ಕ ಮಾಡಿ. ಜಿಮ್ನಿಗೆ ಕಂಪನಿಯ ಟಯರು 195/80 ಆರ್15, ಎತ್ತರ 693 ಮಿ.ಮೀ. ಅದರ ಬದಲು 215/75 ಆರ್15 ಹಾಕಿದರೆ 703.5 ಮಿ.ಮೀ., ಒಂದೂವರೆ ಶೇಕಡಾ ಹೆಚ್ಚು, ಗಾಡಿಗೆ ಗೊತ್ತೇ ಆಗುವುದಿಲ್ಲ. 235/75 ಆರ್15 ಹಾಕಿದರೆ 733.5 ಮಿ.ಮೀ. ಅಡಿಯ ಎತ್ತರ ಹೆಚ್ಚುವುದು ಈ ವ್ಯತ್ಯಾಸದ ಅರ್ಧ, ಅಂದರೆ 20 ಮಿ.ಮೀ. ಮಾತ್ರ. ಅದಕ್ಕೆ ತೆರುವ ಬೆಲೆ: ಮೀಟರು 80 ತೋರಿಸುವಾಗ ಗಾಡಿ ಸುಮಾರು 85ರಲ್ಲಿರುತ್ತದೆ, ಮೊದಲನೇ ಗೇರಿನ ಎಳೆತ ಕುಗ್ಗುತ್ತದೆ, ಬ್ರೇಕಿಗೆ ಹೊರೆ, ಸ್ಟಿಯರಿಂಗ್ ಪೂರ್ತಿ ತಿರುಗಿಸಿದಾಗ ಕಮಾನಿಗೆ ಉಜ್ಜುವ ಸಾಧ್ಯತೆ. ಥಾರ್‌ನಲ್ಲಿ ಕೆಲವು ಮಾದರಿಗಳಿಗೆ 245/75 ಆರ್16, ಕೆಲವಕ್ಕೆ 255/65 ಆರ್18 ಬಂದಿದೆ. ಕಲ್ಲುದಾರಿಗೆ 16ರದ್ದೇ ಮೇಲು. ಪಕ್ಕಗೋಡೆ ಎತ್ತರ ಇದ್ದಷ್ಟೂ ಗಾಳಿ ಇಳಿಸಿದಾಗ ಟಯರು ಚೆನ್ನಾಗಿ ಹರಡಿ ಕೂರುತ್ತದೆ.

ಗಾಳಿ ಇಳಿಸುವುದು ಬಿಟ್ಟಿಯಾಗಿ ಸಿಗುವ ಅತಿ ದೊಡ್ಡ ಸುಧಾರಣೆ. ಡಾಮರಿಗೆ ಕಂಪನಿ ಹೇಳಿದಷ್ಟು, ಸಾಮಾನ್ಯವಾಗಿ 30 ಪಿಎಸ್‌ಐ ಆಸುಪಾಸು. ಮುರಕಲ್ಲಿನ ಪದವು (ಗುಡ್ಡದ ಮೇಲಿನ ಬಯಲು), ಕಚ್ಚಾದಾರಿಗೆ 22. ಕೆಸರಿಗೆ 18ರಿಂದ 20. ಒಣ ಮರಳಿಗೆ 15. ಹನ್ನೆರಡಕ್ಕಿಂತ ಕೆಳಗೆ ಇಳಿಸಿದರೆ ತಿರುವಿನಲ್ಲಿ ಟಯರು ರಿಮ್ಮಿನಿಂದ ಕಳಚಿಕೊಳ್ಳಬಹುದು. ಇಳಿಸಿದ ಗಾಳಿಯಲ್ಲಿ 30 ಕಿ.ಮೀ. ವೇಗ ಮೀರಬೇಡಿ, ಟಯರು ಬಿಸಿಯಾಗಿ ಪಕ್ಕಗೋಡೆ ಒಡೆಯುತ್ತದೆ. ಬ್ಯಾಟರಿಗೆ ನೇರ ಕ್ಲಿಪ್ ಹಾಕುವ ಕಂಪ್ರೆಸರ್ ಕೊಳ್ಳಿ. ಸಿಗರೇಟು ಸಾಕೆಟ್ಟಿಗೆ ಸಿಕ್ಕಿಸುವ ಸಣ್ಣವು ಇಂಥ ನಾಲ್ಕು ಟಯರು ತುಂಬಿಸುವ ಮುಂಚೆಯೇ ಕಾದು ನಿಲ್ಲುತ್ತವೆ.

ಮಾರ್ಪಾಡು ಮತ್ತು ಕಾನೂನು

1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಕಂಪನಿಯ ಮೂಲ ವಿವರಕ್ಕೆ ಹೊಂದದ ಬದಲಾವಣೆ ಮಾಡುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನು ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಮಾಲೀಕರಿಗೆ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗಿನ ಸೆರೆಗೂ ಅವಕಾಶವಿದೆ. ಬುಲ್ ಬಾರ್ (ಬಂಪರಿನ ಮುಂದೆ ಕೂರಿಸುವ ಕಬ್ಬಿಣದ ಕಂಬಿ) ಅಳವಡಿಕೆಯನ್ನು ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲೇ ಕಾನೂನುಬಾಹಿರ ಎಂದು ಹೇಳಿತು. ಅದು ದಂಡದ ಮಾತು ಮಾತ್ರವಲ್ಲ: ಗುದ್ದಿನ ಹೊಡೆತ ತಗ್ಗಿಸಲೆಂದು ಮಡಚುವ ಭಾಗಕ್ಕೆ ಗಟ್ಟಿ ಕಬ್ಬಿಣ ಅಡ್ಡ ಬಂದರೆ ಏರ್‌ಬ್ಯಾಗ್ ಸರಿಯಾದ ಹೊತ್ತಿಗೆ ತೆರೆದುಕೊಳ್ಳದಿರಬಹುದು, ಎದುರಿಗೆ ಸಿಕ್ಕ ಪಾದಚಾರಿಗೆ ಪೆಟ್ಟು ಹೆಚ್ಚು. ಬಣ್ಣ ಬದಲಿಸುವುದಾದರೂ ಆರ್‌ಟಿಒದಲ್ಲಿ ಅರ್ಜಿ ಕೊಟ್ಟು ಆರ್‌ಸಿಯಲ್ಲಿ ನಮೂದಿಸಬೇಕು. ವಿಮೆಯವರಿಗೂ ತಿಳಿಸಿ.

ಗಾಡಿಯನ್ನು ಎತ್ತರಿಸುವ ಲಿಫ್ಟ್ ಕಿಟ್ ಹಾಕಿದರೆ ಚಾಸಿಸ್ ಮೇಲೇರುತ್ತದೆ, ಹಿಂದಿನ ಗಟ್ಟಿ ಆಕ್ಸಲಿನ ಗುಂಡು ಇದ್ದ ಎತ್ತರದಲ್ಲೇ ಉಳಿಯುತ್ತದೆ. ಕಲ್ಲಿಗೆ ಮೊದಲು ತಾಗುವುದು ಆ ಗುಂಡೇ. ಎರಡು ಇಂಚು ಎತ್ತಿದರೂ, ಮುಂದೆ ಗಟ್ಟಿ ಆಕ್ಸಲ್ ಇಲ್ಲದ ಥಾರ್‌ನಂಥ ಗಾಡಿಯಲ್ಲಿ ಮುಂದಿನ ಸಿವಿ ಜಾಯಿಂಟಿನ (ಚಕ್ರಕ್ಕೆ ಶಕ್ತಿ ಒಯ್ಯುವ ಕೀಲು) ಕೋನ ಹೆಚ್ಚಿ ರಬ್ಬರ್ ಬೂಟು ಬೇಗ ಹರಿಯುತ್ತದೆ, ಶಾಫ್ಟು ನಡುಗಬಹುದು, ಹೆಡ್‌ಲೈಟು ಎದುರಿನವರ ಕಣ್ಣಿಗೆ ಹೊಡೆಯುತ್ತದೆ, ತಿರುವಿನಲ್ಲಿ ಗಾಡಿ ಹೆಚ್ಚು ವಾಲುತ್ತದೆ. ಥಾರ್‌ಗೆ 226, ಜಿಮ್ನಿಗೆ 210 ಮಿ.ಮೀ. ಅಡಿ ಎತ್ತರ ಹುಟ್ಟಿನಿಂದಲೇ ಇದೆ. ನಮ್ಮ ಸೀಮೆಯ ದಾರಿಗೆ ಇಷ್ಟು ಸಾಕು. ಆ ದುಡ್ಡಿಗೆ ಇಂಜಿನ್, ಟ್ರಾನ್ಸ್‌ಫರ್ ಕೇಸ್ ಅಡಿಗೆ ತಗಡಿನ ರಕ್ಷಾಫಲಕ ಹಾಕಿಸಿ. ಫಲಕದಲ್ಲಿ ಆಯಿಲ್ ಬಿಡುವ ತೂತು ಮತ್ತು ಕೆಸರು ತೊಳೆಯುವ ಕಿಂಡಿ ಇರಲಿ.

ಹೆಚ್ಚುವರಿ ಲೈಟು ಬೇಕೇಬೇಕೆಂದರೆ ವೈರಿಂಗ್ ಸರಿ ಮಾಡಿ. 60 ವಾಟಿನ ಎರಡು ದೀಪ 12 ವೋಲ್ಟಿನಲ್ಲಿ 10 ಆಂಪಿಯರ್ ಎಳೆಯುತ್ತವೆ. ಬ್ಯಾಟರಿಯಿಂದ 15 ಆಂಪಿಯರ್ ಫ್ಯೂಸು, 30 ಆಂಪಿಯರ್ ರಿಲೇ, 2.5 ಚದರ ಮಿ.ಮೀ. ವೈರು. ಫ್ಯೂಸು ಬ್ಯಾಟರಿಯಿಂದ ಒಂದು ಗೇಣಿನೊಳಗಿರಲಿ. ಹೆಡ್‌ಲೈಟ್ ವೈರನ್ನು ಸೀಳಿ ಟೇಪು ಸುತ್ತಿದ ಜೋಡಣೆ ಇಲ್ಲಿನ ಒಂದು ಮಳೆಗಾಲಕ್ಕೇ ಹಸಿರು ಹಿಡಿಯುತ್ತದೆ. ಸಾರ್ವಜನಿಕ ರಸ್ತೆಯಲ್ಲಿ ಆ ದೀಪಗಳು ಆರಿರಬೇಕು, ಮುಚ್ಚಿರಬೇಕು.

ಲಿವರ್ ಯಾವಾಗ ಎಲ್ಲಿ

ಒಣ ಡಾಮರು ರಸ್ತೆಯಲ್ಲಿ 4ಎಚ್ (ನಾಲ್ಕೂ ಚಕ್ರಕ್ಕೆ ಶಕ್ತಿ, ಮಾಮೂಲಿ ವೇಗದಲ್ಲಿ) ಹಾಕಬಾರದು. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಸುತ್ತಬೇಕು. ಈ ಗಾಡಿಗಳಲ್ಲಿ ಮುಂದಿನ, ಹಿಂದಿನ ಆಕ್ಸಲ್‌ಗಳ ನಡುವೆ ಡಿಫರೆನ್ಷಿಯಲ್ ಇಲ್ಲ. ಮಣ್ಣಿನಲ್ಲಿ ಚಕ್ರ ಚೂರು ಜಾರಿ ಸರಿಹೋಗುತ್ತದೆ, ಡಾಮರಿನಲ್ಲಿ ಆ ಬಿಗಿತವೆಲ್ಲ ಶಾಫ್ಟು, ಗೇರುಗಳ ಮೇಲೆ ಬೀಳುತ್ತದೆ. ಲಿವರ್ ಹಿಂದಕ್ಕೆ ಬರದೆ ಸಿಕ್ಕಿಹಾಕಿಕೊಂಡರೆ ಬಲವಂತ ಬೇಡ, ಒಂದೆರಡು ಗಜ ನೇರ ರಿವರ್ಸ್ ಹೋಗಿ, ಸಡಿಲಗೊಳ್ಳುತ್ತದೆ. ಬಳಸದೇ ಇಡುವುದೂ ತಪ್ಪು. ತಿಂಗಳಿಗೊಮ್ಮೆ ಕಚ್ಚಾದಾರಿಯಲ್ಲಿ ಮೂರ್ನಾಲ್ಕು ಕಿ.ಮೀ. 4ಎಚ್‌ನಲ್ಲಿ, ಕೊಂಚ ದೂರ 4ಎಲ್‌ನಲ್ಲಿ ಓಡಿಸಿ, ಸೀಲುಗಳಿಗೆ ಆಯಿಲ್ ತಾಗಬೇಕು. ಜಿಮ್ನಿಯ ಮುಂದಿನ ಹಬ್‌ಗಳು ವ್ಯಾಕ್ಯೂಮ್‌ನಿಂದ ಕೂಡಿಕೊಳ್ಳುತ್ತವೆ, ಆ ಸಣ್ಣ ಟ್ಯೂಬು ಬಿರಿದರೆ ಲಿವರ್ ಹಾಕಿದರೂ ಮುಂದಿನ ಚಕ್ರ ಎಳೆಯುವುದಿಲ್ಲ. ಅದು ಗೊತ್ತಾಗಬೇಕಾದದ್ದು ಮನೆ ಹತ್ತಿರ, ಹೊಳೆಬದಿಯಲ್ಲಲ್ಲ.

ಮಳೆಗಾಲದಲ್ಲಿ ಇಲ್ಲಿಯ ಏರುಗಳ ಅಪಾಯ ಪಾಚಿ. ಗುಡ್ಡೆ ಮೇಲಿನ ಮನೆಗೆ ಹೋಗುವ ಕಾಂಕ್ರೀಟು ದಾರಿಯಾಗಲಿ, ಮುರಕಲ್ಲಾಗಲಿ, ಜುಲೈ ಹೊತ್ತಿಗೆ ಹಸಿರು ಲೇಪ ಕಟ್ಟಿರುತ್ತದೆ. ಕೆಳಗೇ 4ಎಲ್ ಹಾಕಿ, ಎರಡನೇ ಗೇರಿನಲ್ಲಿ, ಒಂದೇ ಸಮ ಆಕ್ಸಲರೇಟರ್ ಕೊಟ್ಟು ನೇರಕ್ಕೆ ಹತ್ತಿ. ಅಡ್ಡಡ್ಡ ಹತ್ತಬೇಡಿ. ಅರ್ಧದಲ್ಲಿ ನಿಂತುಹೋದರೆ ಬ್ರೇಕ್ ಒತ್ತಿ ಹಿಡಿದು, ರಿವರ್ಸ್ ಗೇರ್ ಹಾಕಿ, ಕ್ಲಚ್ ಪೂರ್ತಿ ಬಿಟ್ಟು ಇಂಜಿನ್ನಿನ ತಡೆಯಲ್ಲೇ ನೇರ ಹಿಂದಕ್ಕೆ ಇಳಿಯಿರಿ. ಅಲ್ಲೇ ತಿರುಗಿಸಲು ಹೋದ ಗಾಡಿಗಳೇ ಉರುಳುವುದು. ಇಳಿಯುವಾಗ 4ಎಲ್, ಮೊದಲನೇ ಗೇರ್, ಕಾಲು ಕ್ಲಚ್‌ನಿಂದ ದೂರ. ಕೆಸರುಹಾದಿಯಲ್ಲಿ ಸ್ಟಿಯರಿಂಗ್ ಹಿಡಿಯುವಾಗ ಹೆಬ್ಬೆರಳು ಒಳಗೆ ಸುತ್ತಬೇಡಿ; ಚಕ್ರ ಕಲ್ಲಿಗೆ ಬಡಿದು ಸ್ಟಿಯರಿಂಗ್ ತಿರುಗಿದರೆ ಬೆರಳು ಮುರಿಯುತ್ತದೆ.

ಬ್ರೇಕ್ ಮೂಲಕ ಕೆಲಸ ಮಾಡುವ ಡಿಫರೆನ್ಷಿಯಲ್ ನಿಯಂತ್ರಣ ಇರುವ ಗಾಡಿಗಳಲ್ಲಿ ಹೊಸಬರು ಮಾಡುವ ತಪ್ಪು ಒಂದಿದೆ. ಒಂದು ಚಕ್ರ ಗಾಳಿಯಲ್ಲಿ ತಿರುಗತೊಡಗಿದ ಕೂಡಲೇ ಆಕ್ಸಲರೇಟರ್ ಬಿಡುತ್ತಾರೆ. ಬಿಡಬಾರದು. ಆ ತಿರುಗುವ ಚಕ್ರವನ್ನು ಗಾಡಿಯೇ ಬ್ರೇಕ್ ಹಿಡಿದು ನಿಲ್ಲಿಸಿ ಇನ್ನೊಂದು ಬದಿಗೆ ಶಕ್ತಿ ಕಳಿಸುತ್ತದೆ, ಅದಕ್ಕೆ ಎರಡು ಮೂರು ಸೆಕೆಂಡು ಹದವಾದ ಆಕ್ಸಲರೇಟರ್ ಬೇಕು. ಗೂರ್ಖಾದಂತೆ ಲಾಕ್ ಇರುವ ಗಾಡಿಯಲ್ಲಿ ಕಷ್ಟದ ಜಾಗ ಬರುವ ಮುಂಚೆಯೇ, ನಿಂತಾಗಲೋ ನಡಿಗೆಯ ವೇಗದಲ್ಲೋ ಲಾಕ್ ಹಾಕಿ, ದಾಟಿದ ಕೂಡಲೇ ತೆಗೆಯಿರಿ. ಮುಂದಿನ ಲಾಕ್ ಹಾಕಿದಾಗ ಸ್ಟಿಯರಿಂಗ್ ತಿರುಗುವುದೇ ಕಷ್ಟ.

ನೀರು ದಾಟುವುದು

ಥಾರ್‌ 650, ಗೂರ್ಖಾ 700 ಮಿ.ಮೀ. ಆಳದ ನೀರು ದಾಟಬಲ್ಲದು ಎಂದು ಕಂಪನಿ ಹೇಳುವುದು ನಿಂತ ನೀರಿನ ಲೆಕ್ಕ. ಹರಿಯುವ ನೀರಿನಲ್ಲಿ ಎರಡಡಿ ಆಳಕ್ಕೇ ಗಾಡಿ ತೇಲಿ ಪಕ್ಕಕ್ಕೆ ಒಯ್ಯಲ್ಪಡಬಹುದು. ಸೀತಾ, ಕುಮಾರಧಾರೆ ಕಡೆಯ ಹೊಳೆ, ತೋಡುಗಳಿಗೆ ಘಟ್ಟದ ಮೇಲೆ ಬಿದ್ದ ಮಳೆಯ ನೀರು ಹಠಾತ್ತನೆ ಇಳಿಯುತ್ತದೆ. ಇಲ್ಲಿ ಬಿಸಿಲಿದ್ದರೂ ನೆರೆ ಬರುತ್ತದೆ. ನೀರು ಕೆಂಪಗಾಗಿ ಕಸಕಡ್ಡಿ ತರತೊಡಗಿದರೆ ಹಿಂದೆ ಸರಿಯಿರಿ. ಮಳೆಗಾಲದಲ್ಲಿ ಮುಳುಗಿದ ಸೇತುವೆಯ ಮೇಲೆ ಹೋಗುವ ಮಾತೇ ಬೇಡ.

ಶಾಂತ ನೀರಾದರೆ ಮೊದಲು ಕೋಲು ಹಿಡಿದು ನಡೆದು ನೋಡಿ, ಎರಡೂ ಚಕ್ರಗಳ ಜಾಡಿನಲ್ಲಿ. ನಿಮಗೆ ನಡೆಯಲಾಗದ ಹರಿವಿನಲ್ಲಿ ಗಾಡಿಯೂ ಹೋಗಬಾರದು. ಇಂಜಿನ್ನಿನ ಗಾಳಿ ಸೇದುವ ಬಾಯಿ ಎಲ್ಲಿದೆ ಎಂದು ತಿಳಿದಿರಬೇಕು. ಕೆಲವು ನಿಮಿಷ ನಿಂತು ಆಕ್ಸಲ್ ತಣಿಯಲು ಬಿಡಿ. ಎಸಿ ಆಫ್ ಮಾಡಿ. 4ಎಲ್, ಮೊದಲನೇ ಅಥವಾ ಎರಡನೇ ಗೇರ್, ಮೆಲ್ಲಗೆ ಇಳಿದು ಮುಂದೆ ಅಲೆ ಏಳುವಷ್ಟು, ಚುರುಕು ನಡಿಗೆಯ ವೇಗದಲ್ಲಿ ಒಂದೇ ಸಮ ಹೋಗಿ. ನಡುವೆ ಕ್ಲಚ್ ಒತ್ತಬೇಡಿ, ಗೇರ್ ಬದಲಿಸಬೇಡಿ.

ನೀರಲ್ಲಿ ಇಂಜಿನ್ ನಿಂತರೆ ಮತ್ತೆ ಸ್ಟಾರ್ಟ್ ಮಾಡಲೇಬೇಡಿ. ಸಿಲಿಂಡರಿಗೆ ನೀರು ಹೋಗಿದ್ದರೆ ಅದು ಗಾಳಿಯಂತೆ ಒತ್ತಿಕೊಳ್ಳುವುದಿಲ್ಲ, ಕನೆಕ್ಟಿಂಗ್ ರಾಡ್ ಬಾಗುತ್ತದೆ, ಇಂಜಿನ್ ಪೂರ್ತಿ ಬಿಚ್ಚಬೇಕಾಗುತ್ತದೆ. ಎಳೆದು ಹೊರತೆಗೆದು ಏರ್ ಫಿಲ್ಟರ್ ನೋಡಿ. ಒದ್ದೆಯಿದ್ದರೆ ಮೆಕ್ಯಾನಿಕ್ ಬಂದು ಸ್ಪಾರ್ಕ್ ಪ್ಲಗ್, ಡೀಸೆಲ್ ಆದರೆ ಗ್ಲೋ ಪ್ಲಗ್ ಅಥವಾ ಇಂಜೆಕ್ಟರ್ ಬಿಚ್ಚಿ ನೀರು ಹೊರಹಾಕುವವರೆಗೆ ಕೀ ಮುಟ್ಟಬೇಡಿ. ಸ್ನಾರ್ಕೆಲ್ ಗಾಳಿಯ ಬಾಯಿಯನ್ನಷ್ಟೇ ಎತ್ತರಿಸುತ್ತದೆ. ಆಲ್ಟರ್ನೇಟರ್, ಫ್ಯೂಸ್ ಬಾಕ್ಸುಗಳು ಇದ್ದಲ್ಲೇ ಇರುತ್ತವೆ. ದಾಟಿದ ಮೇಲೆ ಬ್ರೇಕನ್ನು ಹಗುರಾಗಿ ಒತ್ತುತ್ತಾ ನೂರು ಮೀಟರ್ ಹೋಗಿ ಒಣಗಿಸಿಕೊಳ್ಳಿ.

ಅಳಿವೆಯ ಹತ್ತಿರದ ನೀರು ನೋಡಲು ಹೊಳೆಯಂತೆ ಕಂಡರೂ ಭರತದಲ್ಲಿ ಉಪ್ಪಾಗಿರುತ್ತದೆ. ಅಲ್ಲಿ ಇಳಿಸಲೇಬೇಡಿ.

ಹೂತುಹೋದಾಗ

ಮೇಲೆ ಹೇಳಿದ ಬ್ರೇಕ್ ನಿಯಂತ್ರಣ ಇರುವ ಗಾಡಿ ಆ ಎರಡು ಮೂರು ಸೆಕೆಂಡಿನಲ್ಲಿ ಕದಲದಿದ್ದರೆ, ಅದಿಲ್ಲದ ಗಾಡಿಯಲ್ಲಿ ಚಕ್ರ ಒಂದು ಸುತ್ತು ಖಾಲಿ ತಿರುಗಿದ ಕೂಡಲೇ, ಆಕ್ಸಲರೇಟರ್ ಬಿಟ್ಟು ಇಳಿದು ನೋಡಿ. ಡಿಫರೆನ್ಷಿಯಲ್ ಗುಂಡು ಮಣ್ಣಿನ ಮೇಲೆ ಕೂತಿದ್ದರೆ ಯಾವ ಲಾಕ್ ಇದ್ದೂ ಫಲವಿಲ್ಲ, ಮೊದಲು ಹಾರೆಯಿಂದ ಅದನ್ನು ಬಿಡಿಸಿ. ಗಾಳಿ 15ಕ್ಕೆ ಇಳಿಸಿ. ಚಕ್ರದ ಮುಂದೆ ಇಳಿಜಾರಾಗಿ ಅಗೆದು ತೆಂಗಿನ ಸಿಪ್ಪೆಯನ್ನು ನಾರು ಮೇಲಾಗಿ ಒತ್ತೊತ್ತಾಗಿ ತುರುಕಿ, ಅದರ ಮೇಲೆ ಅಡ್ಡಕ್ಕೆ ಮಡಲು (ತೆಂಗಿನ ಗರಿ) ಹಾಸಿ. ಹತ್ತಿರದ ಯಾವ ಮನೆಯಲ್ಲೂ ಸಿಗುವ ವಸ್ತು, ಕೊಂಡು ತಂದ ಪ್ಲಾಸ್ಟಿಕ್ ಹಲಗೆಯಷ್ಟೇ ಕೆಲಸ ಮಾಡುತ್ತದೆ. ಅಡಿಕೆ ಹಾಳೆ ಹಾಕಬೇಡಿ. ಮಕ್ಕಳನ್ನು ಕೂರಿಸಿ ಎಳೆಯುವಾಗ ಅದು ಎಷ್ಟು ಜಾರುತ್ತದೆಂದು ಎಲ್ಲರಿಗೂ ಗೊತ್ತು.

ಇನ್ನೊಂದು ಗಾಡಿಯಿಂದ ಎಳೆಸುವುದಾದರೆ ಹಿಗ್ಗುವ ನೈಲಾನ್ ಪಟ್ಟಿ ಬೇಕು, 9 ಮೀಟರ್ ಉದ್ದದ್ದು, 8 ಟನ್ ತಾಳುವಂಥದ್ದು. ಜೊತೆಗೆ 4.75 ಟನ್ ಎಂದು ಅಚ್ಚೊತ್ತಿದ ಎರಡು ಬಿಲ್ಲು ಶ್ಯಾಕಲ್ (ಪಿನ್ ತಿರುಗಿಸಿ ಮುಚ್ಚುವ ಕಬ್ಬಿಣದ ಕೊಂಡಿ). ಪಿನ್ನನ್ನು ಕೈಯಲ್ಲಿ ಪೂರ್ತಿ ಬಿಗಿದು ಕಾಲು ಸುತ್ತು ಹಿಂದೆ ತಿರುಗಿಸಿ, ಇಲ್ಲವಾದರೆ ಎಳೆದ ಮೇಲೆ ಬಿಚ್ಚಲು ಬರುವುದಿಲ್ಲ. ಎರಡೂ ತುದಿ ಚಾಸಿಸ್‌ಗೆ ಕೂಡಿದ ಕೊಕ್ಕೆಗೇ ಕಟ್ಟಬೇಕು. ಬಂಪರಿಗೆ, ಟ್ರೈಲರ್ ಎಳೆಯುವ ಗುಂಡಿಗೆ ಕಟ್ಟಿದರೆ ಅದು ಮುರಿದು ಗುಂಡೇಟಿನಂತೆ ಹಾರುತ್ತದೆ, ಜೀವಗಳು ಹೋಗಿವೆ. ಪಟ್ಟಿಯ ನಡುವೆ ಒದ್ದೆ ಗೋಣಿಚೀಲ ಹಾಕಿ. ನೋಡಲು ನಿಂತವರನ್ನೆಲ್ಲ ಪಟ್ಟಿಯ ಒಂದೂವರೆ ಪಟ್ಟು ದೂರ ಕಳಿಸಿ, ಆಮೇಲೆ ಒಂದೆರಡು ಮೀಟರ್ ಸಡಿಲ ಬಿಟ್ಟು ನಿಧಾನ ಎಳೆಯಿರಿ. ಕಬ್ಬಿಣದ ಸರಪಳಿಯಲ್ಲಿ ಜಗ್ಗಿ ಎಳೆಯುವುದು ಬೇಡ.

ವಿಂಚ್ (ಕೇಬಲ್ ಸುತ್ತಿಕೊಂಡು ಗಾಡಿ ಎಳೆಯುವ ಯಂತ್ರ) ಇದ್ದರೆ ಅದರ ಶಕ್ತಿ ತುಂಬಿದ ಗಾಡಿಯ ತೂಕದ ಒಂದೂವರೆ ಪಟ್ಟು ಇರಬೇಕು. ಮರ ಆರಿಸುವಾಗ ಅಡಿಕೆ ಮರ ಬೇಡ, ಬೇರು ಮೇಲೆಯೇ ಇರುತ್ತದೆ. ರಬ್ಬರ್ ಮರವೂ ಬೇಡ. ಹಲಸು, ಮಾವು ಆಗಬಹುದು. ಅಗಲ ಪಟ್ಟಿಯನ್ನು ಬುಡಕ್ಕೇ ಸುತ್ತಿ, ತೊಗಟೆಗೆ ನೇರ ಕೇಬಲ್ ಹಾಕಬೇಡಿ. ತೋಟದವರನ್ನು ಕೇಳಿಯೇ ಕಟ್ಟಿ.

ಮರಳು, ಕಾಡು

ಪಣಂಬೂರು, ಮಲ್ಪೆ, ಕಾಪು ಕಡಲತೀರಗಳು ಜನ ಓಡಾಡುವ ಜಾಗ, ಗಾಡಿ ಇಳಿಸಬೇಡಿ. ಕುಂದಾಪುರದ ಕೋಡಿ, ಮಂಗಳೂರಿನ ಸಸಿಹಿತ್ಲು ಕಡೆ ಚಳಿಗಾಲದಿಂದ ಮಾರ್ಚ್‌ವರೆಗೆ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ. ಮರಳಿನಡಿಯ ಗೂಡು ಮೇಲಿಂದ ಕಾಣುವುದಿಲ್ಲ. ಚಕ್ರದ ಒಂದು ಜಾಡು ಸಾಕು ಮೊಟ್ಟೆ ಒಡೆಯಲು. ಹೊರಬಂದ ಮರಿಗಳು ಆ ಗುಳಿಗೆ ಬಿದ್ದು ನೀರು ಸೇರದೆ ಸಾಯುತ್ತವೆ. ಸೋಮೇಶ್ವರ ಅಭಯಾರಣ್ಯ, ಕುದುರೆಮುಖ ರಾಷ್ಟ್ರೀಯ ಉದ್ಯಾನದೊಳಗೆ ಡಾಮರು ಬಿಟ್ಟು ಕವಲು ಜೀಪುದಾರಿಗೆ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಇಳಿಯುವಂತಿಲ್ಲ. ಅಭ್ಯಾಸಕ್ಕೆ ಪರಿಚಯದವರ ತೋಟ, ಗುಡ್ಡೆ, ಕೆಲಸ ಮುಗಿದ ಕೆಂಪುಕಲ್ಲಿನ ಕೋರೆಗಳಿವೆ, ಜಾಗದವರನ್ನು ಕೇಳಿ ಹೋಗಿ. ಕೋರೆಯಲ್ಲಿ ನೀರು ನಿಂತಿದ್ದರೆ ಹತ್ತಿರ ಸುಳಿಯಬೇಡಿ, ಮೆಟ್ಟಿಲಿನಂತೆ ಕಡಿದ ತಳ ಒಮ್ಮೆಲೇ ಆಳವಾಗುತ್ತದೆ.

ಮಳೆಗಾಲದಲ್ಲಿ ನಿಲ್ಲಿಸುವಾಗ

ದರೆಯ, ಅಂದರೆ ಗುಡ್ಡ ಕಡಿದ ಮಣ್ಣಿನ ಗೋಡೆಯ, ಬುಡದಲ್ಲಿ ನಿಲ್ಲಿಸಬೇಡಿ. ನೆಲದ ಕಾರ್ಪೆಟ್ ಎತ್ತಿ ಕೆಳಗೆ ಕೈಯಾಡಿಸಿ. ಒದ್ದೆಯಿದ್ದರೆ ಬಿಚ್ಚಿ ಮನೆಯೊಳಗೆ ಇಟ್ಟು ರಬ್ಬರ್ ಮ್ಯಾಟ್ ಮಾತ್ರ ಹಾಕಿ, ಇಲ್ಲವಾದರೆ ಆಟಿ ತಿಂಗಳು (ಜುಲೈ, ಆಗಸ್ಟ್ ನಡುವಿನ ತುಳು ತಿಂಗಳು) ಕಳೆಯುವಷ್ಟರಲ್ಲಿ ನೆಲದ ತಗಡು ಹೋಗಿರುತ್ತದೆ. ಕ್ಯಾನ್ವಾಸ್ ಟಾಪನ್ನು ಒದ್ದೆಯಾಗಿ ಮಡಚಿಟ್ಟರೆ ಬೂಷ್ಟು ಹಿಡಿದು ಹೊಲಿಗೆ ಕೊಳೆಯುತ್ತದೆ. ಗಾಡಿಗೆ ಪ್ಲಾಸ್ಟಿಕ್ ಹೊದಿಕೆ ಬಿಗಿದು ಕಟ್ಟಬೇಡಿ, ಒಳಗಿನ ತೇವ ಹೊರಹೋಗಬೇಕು. ಮಳೆಗೆ ಬಿಲದಿಂದ ಎದ್ದ ಇಲಿ ಬೆಚ್ಚಗಿನ ಇಂಜಿನ್ ಹುಡುಕಿಕೊಂಡು ಬರುತ್ತದೆ, ವೈರ್ ಕಡಿಯುತ್ತದೆ. ಎರಡು ದಿನಕ್ಕೊಮ್ಮೆ ಬಾನೆಟ್ ಎತ್ತಿ ನೋಡಿ, ರಾತ್ರಿ ಬಾನೆಟ್ ತೆರೆದಿಟ್ಟರೂ ಆದೀತು, ತೆರೆದ ಜಾಗದಲ್ಲಿ ಅದು ಕೂರುವುದು ಕಡಿಮೆ. ಹದಿನೈದು ದಿನಕ್ಕಿಂತ ಹೆಚ್ಚು ನಿಲ್ಲಿಸುವುದಾದರೆ ಬ್ಯಾಟರಿಯ ನೆಗೆಟಿವ್ ಕಳಚಿ, ಹ್ಯಾಂಡ್‌ಬ್ರೇಕ್ ಹಾಕದೆ ಗೇರಿನಲ್ಲಿ ಬಿಟ್ಟು ಚಕ್ರಕ್ಕೆ ಕಲ್ಲು ಕೊಡಿ. ಹ್ಯಾಂಡ್‌ಬ್ರೇಕ್ ಹಾಕಿಟ್ಟರೆ ಒದ್ದೆ ಶೂ ಡ್ರಮ್ಮಿಗೆ ಅಂಟಿಕೊಂಡು, ಮತ್ತೆ ಹೊರಡುವಾಗ ಚಕ್ರವೇ ತಿರುಗುವುದಿಲ್ಲ.